ಗ್ರೀಕ್ ಅಕ್ಷರದ ಮೇಲಿನ ಗೀಟು: ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು

ಪ್ರಶ್ನೆ: ನಾನು ರಾಜಾಜಿನಗರದಲ್ಲಿ ಸಣ್ಣ ಡಿಟಿಪಿ ಅಂಗಡಿ ನಡೆಸುತ್ತೇನೆ. ಕನ್ನಡ ಪುಸ್ತಕಗಳ ಪುಟ ಕಟ್ಟುವುದೇ ಕೆಲಸ. ಈಗ ನಿವೃತ್ತ ಮೇಷ್ಟ್ರೊಬ್ಬರು ಕನ್ನಡದಲ್ಲಿ ಬರೆದ ಹಳೆಯ ಗ್ರೀಕ್ ಭಾಷೆಯ ಪಾಠಪುಸ್ತಕ ಬಂದಿದೆ. ಮೊದಲ ಆರು ಪಾಠ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೇ ಫೈಲಿನಲ್ಲಿವೆ, ಗ್ರೀಕ್ ಪದಗಳಿಗೆ ಯಾವುದೋ ಹಳೇ ಫಾಂಟ್. ಉಳಿದ ಪಾಠಗಳನ್ನು ಅವರ ಮೊಮ್ಮಗ ಹೊಸದಾಗಿ ಟೈಪ್ ಮಾಡಿದ್ದಾನೆ. ಪದಪಟ್ಟಿ ಎಕ್ಸೆಲ್‌ನಲ್ಲಿ ತೆರೆಯುವ ಫೈಲ್. ನುಡಿಯಿಂದ ಯುನಿಕೋಡ್‌ಗೆ ಬದಲಾಯಿಸಿದಾಗ ಗ್ರೀಕ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡವಾದವು. ಪದಪಟ್ಟಿಯಲ್ಲಿ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳು, ನಡುವೆ ಕಾಲು, ಅರ್ಧ ಅಂತ ಭಿನ್ನರಾಶಿಗಳು. ಕೆಲವು ಕಡೆ ಬರೀ ಚೌಕ. ಕಣ್ಣೆದುರೇ ಇರುವ ಪದವನ್ನು ಹುಡುಕಿದರೆ ಸಿಗುವುದಿಲ್ಲ, ಪದಸೂಚಿಯಲ್ಲಿ ಒಂದೇ ಪದ ಎರಡು ಸಲ ಬರುತ್ತದೆ. ಒಬ್ಬರು ಫಾಂಟ್ ಬದಲಾಯಿಸಿ ಅಂದರು. ಇನ್ನೊಬ್ಬರು ಗೀಟುಗಳನ್ನೆಲ್ಲ ತೆಗೆದುಬಿಡಿ ಅಂದರು. ಮತ್ತೊಬ್ಬರು ಚಿತ್ರ ಮಾಡಿ ಅಂಟಿಸಿ ಅಂದರು. ಮೇಷ್ಟ್ರು ಮಾತ್ರ ಒಂದು ಗೀಟೂ ತಪ್ಪಬಾರದು ಅನ್ನುತ್ತಾರೆ. ಫೈಲೇ ಕೆಟ್ಟಿದೆಯಾ ಸರ್? ಏನು ಮಾಡಲಿ?

ಉತ್ತರ: ಫೈಲ್ ಕೆಟ್ಟಿಲ್ಲ ಮೇಡಂ. ನೀವು ಹೇಳಿದ್ದನ್ನು ಓದಿದರೆ ಮೊದಲ ಆರು ಪಾಠ, ಮೊಮ್ಮಗನ ಪಾಠಗಳು, ಪದಪಟ್ಟಿ ಈ ಮೂರು ಕಟ್ಟಿಗೂ ಮೂರು ಬೇರೆ ಬೇರೆ ತೊಂದರೆ ಇದೆ. ಒಟ್ಟಿಗೆ ಬಂದಿದ್ದರಿಂದ ಒಂದೇ ದೊಡ್ಡ ರೋಗದ ಹಾಗೆ ಕಾಣುತ್ತಿದೆ, ಅಷ್ಟೆ. ಬೇರೆ ಕೆಲಸಕ್ಕೆ ಮುಂಚೆ ಮೇಷ್ಟ್ರು ಕೊಟ್ಟ ಮೂಲ ಫೈಲುಗಳನ್ನು ಒಂದು ಪೆನ್ ಡ್ರೈವ್‌ಗೆ ಹಾಕಿ ಬೀರುವಿನಲ್ಲಿಡಿ. ಮುಂದೆ ಮಾಡುವುದೆಲ್ಲ ನಕಲಿನ ಮೇಲೆ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗ್ರೀಸ್‌ನಿಂದ ಬಂದ ಹೆಸರುಗಳ ಪಟ್ಟಿಯೊಂದನ್ನು ‘ಶುಚಿ’ ಮಾಡಲು ಹೋಗಿ, ಗ್ರೀಕ್ ಅಕ್ಷರಕ್ಕೆ ಜಾಗವೇ ಇಲ್ಲದ ಹಳೇ ಎನ್‌ಕೋಡಿಂಗ್‌ನಲ್ಲಿ, ಅಂದರೆ ಅಕ್ಷರಗಳನ್ನು ಸಂಖ್ಯೆಯಾಗಿ ಬರೆದಿಡುವ ಹಳೇ ಪದ್ಧತಿಯಲ್ಲಿ, ಸೇವ್ ಮಾಡಿಬಿಟ್ಟೆ. ಹೆಸರುಗಳೆಲ್ಲ ಸಾಲು ಸಾಲು ಪ್ರಶ್ನೆಚಿಹ್ನೆಯಾದವು. ವಿಚಿತ್ರ ಅಕ್ಷರ ಕಂಡರೆ ಸಾಮಾನ್ಯವಾಗಿ ವಾಪಸ್ ತರಬಹುದು. ಬರೀ ಪ್ರಶ್ನೆಚಿಹ್ನೆಯಾಗಿ ಸೇವ್ ಆಗಿದ್ದರೆ ಒಳಗಿದ್ದ ಅಕ್ಷರ ಹೋಯಿತು ಅಂತಲೇ ಲೆಕ್ಕ. ನಕಲಿಟ್ಟುಕೊಂಡಿರಲಿಲ್ಲ. ಕಳಿಸಿದವರನ್ನೇ ಮತ್ತೆ ಕೇಳಬೇಕಾಯಿತು.

ಈಗ ಫಾಂಟ್ ಬದಲಾಯಿಸಿ ಅನ್ನುವ ಸಲಹೆಗೆ ಬರೋಣ. ನುಡಿ ಫೈಲನ್ನು ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಏನಾಗುತ್ತಿತ್ತು, ನೆನಪಿದೆಯಲ್ಲ? ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತಿತ್ತು. ಒಳಗೆ ಇದ್ದಿದ್ದೇ ಇಂಗ್ಲಿಷ್ ಅಕ್ಷರಗಳ ಸಂಖ್ಯೆ, ಫಾಂಟ್ ಅದರ ಮೇಲೆ ಕನ್ನಡದ ಚಿತ್ರ ಬರೆಯುತ್ತಿತ್ತು. ನಿಮ್ಮ ಮೊದಲ ಆರು ಪಾಠಗಳ ಗ್ರೀಕ್ ಕೂಡ ಅದೇ ಜಾತಿ. ಯುನಿಕೋಡ್ ಬಂದ ಮೇಲೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಸಿಕ್ಕಿತು. ಫಾಂಟ್ ಆ ಸಂಖ್ಯೆಗೆ ರೂಪ ಕೊಡುತ್ತದೆ, ಸಂಖ್ಯೆಯನ್ನು ತಿದ್ದುವುದಿಲ್ಲ. ಹಾಗಾಗಿ ನಿಮ್ಮ ತೊಂದರೆಗಳಲ್ಲಿ ಫಾಂಟ್ ಬದಲಾಯಿಸಿದರೆ ಹೋಗುವುದು ಒಂದೇ, ಆ ಚೌಕಗಳು. ಸಂಖ್ಯೆ ಸರಿಯಿದ್ದು ಫಾಂಟಿನಲ್ಲಿ ಆ ಅಕ್ಷರದ ರೂಪ ಇಲ್ಲದಿದ್ದರೆ ಚೌಕ ಬರುತ್ತದೆ. ಕನ್ನಡ ಫಾಂಟುಗಳಲ್ಲಿ ಗ್ರೀಕ್ ಇರುವುದು ಅಪರೂಪ. ಇದ್ದರೂ ಇಷ್ಟೆಲ್ಲ ಗೀಟುಗಳ ಅಕ್ಷರ ಇರುವುದಿಲ್ಲ. ಜೆಂಟಿಯಂ, ಪಲಟಿನೋ ಲೈನೋಟೈಪ್, ಜಿಎಫ್‌ಎಸ್ ದಿದೋ ಇವುಗಳಲ್ಲಿ ಇವೆ. ಜೆಂಟಿಯಂ ಉಚಿತ, ಮುದ್ರಣಕ್ಕೂ ಲೈಸೆನ್ಸ್ ತಕರಾರಿಲ್ಲ. ಗ್ರೀಕ್‌ಗೆಂದೇ ಒಂದು ಕ್ಯಾರೆಕ್ಟರ್ ಸ್ಟೈಲ್ ಮಾಡಿಕೊಂಡು ಆ ಫಾಂಟ್ ಕೊಡಿ.

ಗೀಟು ತೆಗೆದುಬಿಡಿ ಅಂದವರಿಗೆ ಗ್ರೀಕ್ ಗೊತ್ತಿಲ್ಲ ಅನ್ನಿಸುತ್ತದೆ. ಇಂದಿನ ಗ್ರೀಸ್‌ನಲ್ಲಿ 1982ರಲ್ಲಿ ಸರ್ಕಾರವೇ ಹಳೇ ಗುರುತುಗಳನ್ನು ಕೈಬಿಟ್ಟು, ಒತ್ತು ಎಲ್ಲಿ ಅಂತ ತೋರಿಸುವ ಒಂದು ಗೀಟನ್ನು ಉಳಿಸಿಕೊಂಡಿತು. ಅದರ ಹೆಸರು ಟೋನೋಸ್. ಎರಡು ಸ್ವರ ಬೇರೆ ಬೇರೆ ಅಂತ ತೋರಿಸುವ ಜೋಡಿ ಚುಕ್ಕಿಯೂ ಉಳಿಯಿತು. ಆದರೆ ಹಳೇ ಗ್ರೀಕ್ ಪಠ್ಯದಲ್ಲಿ ಏರುವ ಗೀಟು, ಇಳಿಯುವ ಗೀಟು, ಬಾಗಿದ ಗುರುತು, ಅಕ್ಷರದ ಕೆಳಗೆ ಪುಟ್ಟ ಇಯೋಟಾ (ಗ್ರೀಕ್‌ನ ‘ಇ’ ಅಕ್ಷರ) ಎಲ್ಲ ಇವೆ. ಜೊತೆಗೆ ಸ್ವರದಿಂದ ಶುರುವಾಗುವ ಪದದ ಮೊದಲಲ್ಲಿ ಸ್ವರದ ಮೇಲೆ ಕಾಮಾ ಥರದ ಉಸಿರಿನ ಗುರುತು. ಅದು ಒಂದು ಕಡೆ ತಿರುಗಿದ್ದರೆ ‘ಹ’ಕಾರ ಇದೆ, ಇನ್ನೊಂದು ಕಡೆ ತಿರುಗಿದ್ದರೆ ಇಲ್ಲ. ‘ಒರೊಸ್’ ಅಂದರೆ ಬೆಟ್ಟ, ‘ಹೊರೊಸ್’ ಅಂದರೆ ಎಲ್ಲೆ. ಬರಹದಲ್ಲಿ ವ್ಯತ್ಯಾಸ ಆ ಪುಟ್ಟ ಕಾಮಾ ತಿರುಗಿದ ದಿಕ್ಕು ಮಾತ್ರ. ನಮ್ಮ ಅಕ್ಕಿಗೂ ಹಕ್ಕಿಗೂ ಇರುವಷ್ಟೇ ಅಂತರ ಅನ್ನಿ. ಅದನ್ನು ತೆಗೆದರೆ ಮೇಷ್ಟ್ರು ಅಕ್ಕಿ ಕೇಳಿದ ಕಡೆ ನೀವು ಹಕ್ಕಿ ಕೊಟ್ಟ ಹಾಗಾಗುತ್ತದೆ. ಇಂದಿನ ಗ್ರೀಕ್‌ನಲ್ಲೂ ‘ಪೋತೆ’ ಎಂಬ ಪದದ ಮೊದಲ ಸ್ವರದ ಮೇಲೆ ಗೀಟಿದ್ದರೆ ‘ಯಾವಾಗ’, ಕೊನೆಯ ಸ್ವರದ ಮೇಲಿದ್ದರೆ ‘ಎಂದೂ ಇಲ್ಲ’.

ಇನ್ನು ನಿಮ್ಮನ್ನು ಜಾಸ್ತಿ ಕಾಡುತ್ತಿರುವ ವಿಷಯ: ಕಾಣುವ ಪದ ಹುಡುಕಿದರೆ ಸಿಗದಿರುವುದು, ಪದಸೂಚಿಯಲ್ಲಿ ಎರಡು ಸಲ ಬರುವುದು.

ಮೊದಲು ಕನ್ನಡದಲ್ಲೇ ನೋಡಿ. ‘ಕೋ’ ಬರೆಯಲು ಕ ಅಕ್ಷರದ ಮುಂದೆ ‘ೋ’ ಚಿಹ್ನೆ ಬೇಕು. ಯುನಿಕೋಡ್‌ನಲ್ಲಿ ಅದಕ್ಕೆ 3275 ಅನ್ನುವ ಒಂದೇ ಸಂಖ್ಯೆ ಇದೆ. ಹಾಗೇ ಎತ್ವ, ಊತ್ವ, ದೀರ್ಘ ಮೂರನ್ನೂ ಸಾಲಾಗಿ, 3270, 3266, 3285 ಅಂತ ಕೊಟ್ಟರೂ ಕಾಣುವುದು ಅದೇ ‘ಕೋ’. ಎರಡೂ ಸರಿ, ಎರಡೂ ಸಮ ಅಂತ ಯುನಿಕೋಡ್ ನಿಯಮವೇ ಹೇಳುತ್ತದೆ. ನಾವು ಬಳಸುವ ಕೀಬೋರ್ಡುಗಳು ಸಾಮಾನ್ಯವಾಗಿ ಒಂದೇ ಸಂಖ್ಯೆ ಹಾಕುವುದರಿಂದ ನಮಗೆ ಇದು ಗೊತ್ತಾಗುವುದೇ ಇಲ್ಲ.

ಗ್ರೀಕ್‌ನಲ್ಲಿ ಇದೇ ಕಥೆ ದೊಡ್ಡದಾಗಿದೆ. ಗ್ರೀಕ್‌ನ ‘ಅ’ ಆದ ಆಲ್ಫಾ ಮೇಲೆ ಉಸಿರಿನ ಗುರುತು, ಅದರ ಪಕ್ಕ ಏರುವ ಗೀಟು, ಕೆಳಗೆ ಇಯೋಟಾ ಇರುವ ಅಕ್ಷರವನ್ನು ತೆಗೆದುಕೊಳ್ಳಿ. ಅದಕ್ಕೆ 8068 ಅಂತ ಒಂದೇ ಸಂಖ್ಯೆ ಇದೆ. ಬಿಡಿಸಿ ಬರೆದರೆ ಬರಿ ಆಲ್ಫಾ, ಆಮೇಲೆ ಒಂದೊಂದೇ ಗುರುತು, ಒಟ್ಟು ನಾಲ್ಕು ಸಂಖ್ಯೆ. ಮೊಮ್ಮಗ ಹಾಕಿಕೊಂಡ ಕೀಬೋರ್ಡ್ ಅಕ್ಷರ ಬೇರೆ, ಗುರುತು ಬೇರೆಯಾಗಿ ಕೂರಿಸುವಂಥದ್ದಾಗಿದ್ದರೆ ಅವನ ಪಾಠಗಳಲ್ಲಿ ಬಿಡಿಸಿದ ರೂಪವಿದೆ, ಪದಪಟ್ಟಿಯಲ್ಲಿ ಕೂಡಿಸಿದ ರೂಪವಿದೆ. ಹುಡುಕುವ ಸಾಫ್ಟ್‌ವೇರ್ ಸಂಖ್ಯೆಗೆ ಸಂಖ್ಯೆ ಹೋಲಿಸಿದರೆ ಎರಡೂ ಒಂದೇ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಇಷ್ಟೇ ಆಗಿದ್ದರೆ ಬೇಗ ಮುಗಿಯುತ್ತಿತ್ತು. ಗ್ರೀಕ್‌ಗೆ ಇನ್ನೊಂದು ಗಂಟಿದೆ. ಹೊಸ ಗ್ರೀಕ್‌ನ ಒಂಟಿ ಗೀಟಿನ ಅಕ್ಷರಗಳು ಯುನಿಕೋಡ್‌ನ ಮುಖ್ಯ ಗ್ರೀಕ್ ಭಾಗದಲ್ಲಿವೆ. ಹಳೇ ಗ್ರೀಕ್‌ನ ಬಹುಗೀಟಿನ ಅಕ್ಷರಗಳಿಗೆ 7936ರಿಂದ 8191ರವರೆಗೆ ಬೇರೆ ಜಾಗ. ಆ ಎರಡನೇ ಜಾಗದಲ್ಲಿ ಬರೀ ಏರುವ ಗೀಟಿರುವ ಸ್ವರಗಳನ್ನೂ ಸೇರಿಸಿದರು. ಹಳೇ ಕಾಲದ ಏರುವ ಗೀಟಿನ ಹೆಸರು ಒಕ್ಸಿಯಾ. ಆದರೆ ಒಕ್ಸಿಯಾ ಮತ್ತು ಟೋನೋಸ್ ಎರಡೂ ಒಂದೇ ಅಲ್ವಾ! ಹೀಗಾಗಿ 16 ಅಕ್ಷರಗಳು ಎರಡೆರಡು ಕಡೆ ಕೂತಿವೆ. ಗೀಟಿನ ಆಲ್ಫಾ 940ರಲ್ಲೂ ಇದೆ, 8049ರಲ್ಲೂ ಇದೆ. ಎರಡೂ ಸಮ, ಬಳಸಬೇಕಾದದ್ದು 940 ಅಂತ ಯುನಿಕೋಡ್ ಹೇಳುತ್ತದೆ. ಆದರೂ 8049 ಹಾಕುವ ಕೀಬೋರ್ಡುಗಳೂ ಹಳೇ ಪಠ್ಯಗಳೂ ಬೇಕಾದಷ್ಟಿವೆ. ನಿಮ್ಮ ಪದಸೂಚಿಯ ಅವಳಿ ಪದಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಬಂದಿರಬೇಕು.

ಇದನ್ನು ನಂಬಬೇಡಿ, ಪರೀಕ್ಷೆ ಮಾಡಿ. ಪದಸೂಚಿಯ ಅವಳಿ ಪದಗಳನ್ನು ವರ್ಡ್‌ಗೆ ಅಂಟಿಸಿ. ಗೀಟಿರುವ ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಹಿಡಿದು ಎಕ್ಸ್ ಒತ್ತಿ. ಅಕ್ಷರ ಹೋಗಿ ಅದರ ಸಂಖ್ಯೆ ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಅಕ್ಷರ ವಾಪಸ್. ವರ್ಡ್ ಸಂಖ್ಯೆಯನ್ನು ಹದಿನಾರರ ಲೆಕ್ಕದಲ್ಲಿ ತೋರಿಸುವುದರಿಂದ ನಡುವೆ ಇಂಗ್ಲಿಷ್ ಅಕ್ಷರ ಬರುತ್ತದೆ, ಗಾಬರಿಯಾಗಬೇಡಿ. ಗೀಟಿನ ಆಲ್ಫಾಕ್ಕೆ 03ಎಸಿ ಅಂತ ಬಂದರೆ ಅದು ನಮ್ಮ 940. 1ಎಫ್71 ಬಂದರೆ 8049. ಬರೀ 0301 ಅಂತ ಬಂದರೆ ಅದು ಬಿಡಿಸಿದ ರೂಪ. ಕರ್ಸರಿನ ಪಕ್ಕ ಇದ್ದದ್ದು ಗೀಟು ಮಾತ್ರ, ಆಲ್ಫಾ ಅದರ ಹಿಂದೆ ಬೇರೆಯಾಗಿ ಕೂತಿದೆ. ಹತ್ತು ಪದಕ್ಕೆ ಹೀಗೆ ಮಾಡಿದರೆ ಯಾವ ಕಟ್ಟಿನಲ್ಲಿ ಯಾವ ರೂಪ ಇದೆ ಅಂತ ನಿಮಗೇ ತಿಳಿಯುತ್ತದೆ.

ಪರಿಹಾರದ ಹೆಸರು ನಾರ್ಮಲೈಸೇಶನ್, ಅಂದರೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು. ನಿಮಗೆ ಬೇಕಾದದ್ದು ಎನ್‌ಎಫ್‌ಸಿ ಅನ್ನುವ ಕೂಡಿಸಿದ ರೂಪ. ಬಿಡಿಸಿದ್ದನ್ನು ಅದು ಕೂಡಿಸುತ್ತದೆ, 8049ನ್ನು 940 ಮಾಡುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರು ಯಾರಾದರೂ ಹತ್ತಿರ ಇದ್ದರೆ ಒಂದೆರಡು ಸಾಲಿನ ಕೆಲಸ. ಬೆಂಗಳೂರಿನಲ್ಲಿ ಅಂಥವರಿಗೇನು ಬರ, ನಿಮ್ಮ ಬೀದಿಯಲ್ಲೇ ನಾಲ್ಕು ಜನ ಇರುತ್ತಾರೆ. ಯಾರೂ ಬೇಡ ಅಂದರೆ ಬೇಬಲ್‌ಪ್ಯಾಡ್ ಅನ್ನುವ ಉಚಿತ ಎಡಿಟರ್‌ನಲ್ಲಿ ಇದಕ್ಕೆ ಮೆನುವೇ ಇದೆ. ತೊಡಕು ಏನೆಂದರೆ ಅಲ್ಲಿ ಹೋಗಿ ಬಂದ ಪಠ್ಯದಲ್ಲಿ ದಪ್ಪಕ್ಷರ, ಓರೆಯಕ್ಷರ ಯಾವುದೂ ಉಳಿಯುವುದಿಲ್ಲ. ಆದ್ದರಿಂದ ಈ ಕೆಲಸ ಪುಟ ಕಟ್ಟುವುದಕ್ಕೆ ಮುಂಚೆ ಆಗಬೇಕು. ಈಗಾಗಲೇ ಪುಟ ಕಟ್ಟಿಬಿಟ್ಟಿರುವ ಕಡೆ ಇನ್ನೊಂದು ದಾರಿ ಇದೆ. ಅವಳಿ ಅಕ್ಷರ 16 ಮಾತ್ರ ಇರುವುದರಿಂದ ಪುಟ ಕಟ್ಟುವ ಇನ್‌ಡಿಸೈನ್‌ನಲ್ಲಿ ಸಂಖ್ಯೆ ಕೊಟ್ಟು 16 ಸಲ ಹುಡುಕಿ ಬದಲಾಯಿಸಬಹುದು. ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ವಿನ್ಯಾಸ ಕದಲುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆ. ಮೆನುವಿನಲ್ಲಿ ಎನ್‌ಎಫ್‌ಸಿ ಪಕ್ಕದಲ್ಲೇ ಎನ್‌ಎಫ್‌ಕೆಸಿ ಅಂತ ಇನ್ನೊಂದು ಇರುತ್ತದೆ. ಅದನ್ನು ಮುಟ್ಟಬೇಡಿ. ಅದು ಅಡಿಟಿಪ್ಪಣಿಯ ಮೇಲೆತ್ತಿದ ಪುಟ್ಟ 2ನ್ನು ಮಾಮೂಲಿ 2 ಮಾಡಿಬಿಡುತ್ತದೆ. ಇನ್ನೊಂದು, ಕೆಲವು ಹಳೇ ಫಾಂಟುಗಳು 940ರ ಗೀಟನ್ನು ನೆಟ್ಟಗೆ, 8049ರ ಗೀಟನ್ನು ಓರೆಯಾಗಿ ಬರೆಯುತ್ತವೆ. ಮೇಷ್ಟ್ರು ಬಂದು ‘ನನ್ನ ಗೀಟು ಯಾಕೆ ನೆಟ್ಟಗಾಯಿತು?’ ಅಂತ ಕೇಳಬಹುದು. ಆಗ ಸಂಖ್ಯೆಯನ್ನು ಹಿಂದಕ್ಕೆ ಬದಲಾಯಿಸಬೇಡಿ, ಓರೆ ಗೀಟಿರುವ ಫಾಂಟ್ ಹಾಕಿ. ಅಂದಹಾಗೆ, ಗ್ರೀಕ್‌ನ ಪ್ರಶ್ನೆಚಿಹ್ನೆ ನೋಡಲು ನಮ್ಮ ಅರ್ಧವಿರಾಮದ ಹಾಗೇ ಇರುತ್ತದೆ. ಎನ್‌ಎಫ್‌ಸಿ ಅದನ್ನು ನಿಜವಾಗಿಯೂ ಅರ್ಧವಿರಾಮವೇ ಮಾಡುತ್ತದೆ. ಅದು ಯುನಿಕೋಡ್ ನಿಯಮದ ಪ್ರಕಾರವೇ ನಡೆಯುವುದು, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಪದಪಟ್ಟಿಯ ಭಿನ್ನರಾಶಿಗಳ ವಿಷಯ ನನಗೆ ತುಂಬ ಇಷ್ಟವಾದದ್ದು. ಆ ಫೈಲ್ ಯುಟಿಎಫ್-8 ಅನ್ನುವ ಯುನಿಕೋಡ್ ಎನ್‌ಕೋಡಿಂಗ್‌ನಲ್ಲಿದೆ, ಎಕ್ಸೆಲ್ ಅದನ್ನು ಹಳೇ ಇಂಗ್ಲಿಷ್ ಎನ್‌ಕೋಡಿಂಗ್ ಅಂತ ತಿಳಿದು ಓದಿದೆ. ಯುಟಿಎಫ್-8ರಲ್ಲಿ ಮಾಮೂಲಿ ಗ್ರೀಕ್ ಅಕ್ಷರಕ್ಕೆ 2 ಬೈಟ್. ಮೊದಲ ಬೈಟನ್ನು ಇಂಗ್ಲಿಷ್ ಅಂತ ಓದಿದರೆ ಟೋಪಿ ಹಾಕಿದ ಅಥವಾ ಎರಡು ಚುಕ್ಕಿ ಇಟ್ಟ ದೊಡ್ಡ ಐ ಕಾಣುತ್ತದೆ. ಬಹುಗೀಟಿನ ಅಕ್ಷರಕ್ಕೆ 3 ಬೈಟ್. ಅವನ್ನು ಹಾಗೇ ಓದಿದರೆ ಮೊದಲು ಗೀಟಿರುವ ಸಣ್ಣ ಎ, ಅದರ ಮುಂದೆ ಕಾಲು, ಅರ್ಧ, ಮುಕ್ಕಾಲು ಅಥವಾ ತಲೆಕೆಳಗಾದ ಪ್ರಶ್ನೆಚಿಹ್ನೆ ಬರುತ್ತದೆ. ಬಹುಗೀಟಿನ ಜಾಗದ 256 ಮನೆಗಳನ್ನು 64ರಂತೆ ನಾಲ್ಕು ಪಾಲು ಮಾಡಿ, ಅಕ್ಷರ ಯಾವ ಪಾಲಿನಲ್ಲಿದೆಯೋ ಅದರ ಗುರುತು ಅದು. ಮೊದಲ ಪಾಲಿಗೆ ಕಾಲು, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮುಕ್ಕಾಲು! ಯಾರೂ ಬೇಕೆಂದು ಮಾಡಿದ್ದಲ್ಲ, ಬೈಟುಗಳು ಹಾಗೆ ಬಿದ್ದಿವೆ. ನಿಮ್ಮ ಮಟ್ಟಿಗೆ ಇದು ಶುಭ ಶಕುನ. ಭಿನ್ನರಾಶಿ ಕಾಣುತ್ತಿದೆ ಅಂದರೆ ಮೂಲ ಬೈಟುಗಳು ಹಾಗೇ ಇವೆ. ಎಕ್ಸೆಲ್‌ನಲ್ಲಿ ಸೇವ್ ಮಾತ್ರ ಒತ್ತಬೇಡಿ. ಖಾಲಿ ಹಾಳೆ ತೆರೆದು, ಡೇಟಾ ಮೆನುವಿನಿಂದ ಆ ಫೈಲನ್ನು ಆಮದು ಮಾಡಿಕೊಳ್ಳಿ. ಎನ್‌ಕೋಡಿಂಗ್ ಯಾವುದು ಅಂತ ಕೇಳಿದ ಕಡೆ 65001, ಯುಟಿಎಫ್-8 ಆರಿಸಿ. ಪಟ್ಟಿ ಸರಿಯಾಗಿ ಬರುತ್ತದೆ.

ಮೊದಲ ಆರು ಪಾಠಗಳದ್ದು ನಿಜವಾದ ಕಷ್ಟ. ನುಡಿ ಪರಿವರ್ತಕಕ್ಕೆ ಫಾಂಟ್ ಕಾಣುವುದಿಲ್ಲ, ಸಿಕ್ಕಿದ್ದನ್ನೆಲ್ಲ ನುಡಿಯ ಕನ್ನಡ ಅಂತಲೇ ತಿಳಿದು ಬದಲಾಯಿಸಿದೆ. ಹಾಗಾದ ಗ್ರೀಕನ್ನು ಅಲ್ಲಿಂದ ಹಿಂದಕ್ಕೆ ತರಲು ಹೋಗಬೇಡಿ, ಮೂಲ ಫೈಲಿನಿಂದಲೇ ಶುರು ಮಾಡಿ. ವರ್ಡ್‌ನಲ್ಲಿ ಫಾಂಟ್ ಹೆಸರು ಕೊಟ್ಟು ಹುಡುಕಬಹುದು. ಗ್ರೀಕ್ ಫಾಂಟಿನಲ್ಲಿರುವ ತುಣುಕುಗಳನ್ನೆಲ್ಲ ಬೇರೆ ಫೈಲಿಗೆ ಎತ್ತಿ, ಅವುಗಳ ಜಾಗದಲ್ಲಿ ಕ್ರಮಸಂಖ್ಯೆ ಹಾಕಿ. ಆಮೇಲೆ ಕನ್ನಡವನ್ನಷ್ಟೇ ಯುನಿಕೋಡ್‌ಗೆ ಬದಲಾಯಿಸಿ. ಗ್ರೀಕ್ ತುಣುಕುಗಳಿಗೆ ಮಾಮೂಲಿ ಇಂಗ್ಲಿಷ್ ಫಾಂಟ್ ಕೊಟ್ಟು ನೋಡಿ. ಸ್ವರಗಳ ಹಿಂದೆಮುಂದೆ ಆವರಣ ಚಿಹ್ನೆ, ಓರೆಗೆರೆ, ಸಮ ಚಿಹ್ನೆ ಕಂಡರೆ ಅದು ಬೀಟಾ ಕೋಡ್, ಅಂದರೆ ಗ್ರೀಕನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳಲ್ಲಿ ಬರೆಯುವ ಪದ್ಧತಿಯದ್ದು. ಅದರಲ್ಲಿ ಆವರಣ ಅಂದರೆ ಉಸಿರಿನ ಗುರುತು, ಓರೆಗೆರೆ ಅಂದರೆ ಗೀಟು, ಸಮ ಚಿಹ್ನೆ ಅಂದರೆ ಬಾಗಿದ ಗುರುತು. ಅದಕ್ಕೆ ಸಿದ್ಧ ಪರಿವರ್ತಕಗಳಿವೆ. ಸಣ್ಣಕ್ಷರಕ್ಕೆ ಗುರುತು ಅಕ್ಷರದ ಆಮೇಲೆ, ದೊಡ್ಡಕ್ಷರಕ್ಕೆ ಮುಂಚೆ ಬರುತ್ತದೆ. ವಾಕ್ಯ ಶುರುವಾಗುವ ಕಡೆ ತಪ್ಪುಗಳು ನುಸುಳುವುದು ಹೀಗೆ. ಬೀಟಾ ಕೋಡ್ ಅಲ್ಲದಿದ್ದರೆ ಆ ಫಾಂಟಿನದೇ ಅಕ್ಷರಪಟ್ಟಿ ಹುಡುಕಬೇಕು. ನನ್ನನ್ನು ಕೇಳಿದರೆ, ಆರು ಪಾಠದಲ್ಲಿ ಗ್ರೀಕ್ ಪದ ನಾನೂರು ಐನೂರರ ಒಳಗಿದ್ದರೆ ಸುಮ್ನೆ ಹೊಸದಾಗಿ ಟೈಪ್ ಮಾಡಿಸಿ. ವಿಂಡೋಸ್‌ನಲ್ಲೇ ಬಹುಗೀಟಿನ ಗ್ರೀಕ್ ಕೀಬೋರ್ಡ್ ಇದೆ. ಪರಿವರ್ತಕದ ತಪ್ಪು ಹುಡುಕುವಷ್ಟರಲ್ಲಿ ಟೈಪಿಂಗ್ ಮುಗಿದಿರುತ್ತದೆ. ಟೈಪ್ ಆದ ಮೇಲೂ ಒಮ್ಮೆ ಎನ್‌ಎಫ್‌ಸಿ ಮಾಡಿಸಿ.

ಚಿತ್ರ ಮಾಡಿ ಅಂಟಿಸುವುದು ಒಂದೆರಡು ಪದಕ್ಕೆ ಸರಿ. ಪಾಠಪುಸ್ತಕಕ್ಕೆ ಬೇಡ. ಅಕ್ಷರದ ಗಾತ್ರ ಬದಲಾಯಿಸಿದ ದಿನ ಎಲ್ಲ ಚಿತ್ರವನ್ನೂ ಮತ್ತೆ ಮಾಡಬೇಕು, ಇ-ಪುಸ್ತಕದಲ್ಲಿ ಹುಡುಕಲು ಆಗುವುದಿಲ್ಲ, ಪದಸೂಚಿಯಂತೂ ಸಾಧ್ಯವೇ ಇಲ್ಲ.

ಪದಸೂಚಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮೇಲಿನದ್ದೆಲ್ಲ ಮಾಡಿದ ಮೇಲೂ ಕೆಲವು ಪದ ಎರಡು ಸಲ ಬರುತ್ತವೆ, ಅದು ಕಂಪ್ಯೂಟರಿನ ತಪ್ಪಲ್ಲ. ಹಳೇ ಗ್ರೀಕ್‌ನಲ್ಲಿ ಪದದ ಕೊನೆಯ ಸ್ವರದ ಮೇಲೆ ಏರುವ ಗೀಟಿದ್ದು, ಮುಂದೆ ಇನ್ನೊಂದು ಪದ ಬಂದರೆ ಅದು ಸಾಮಾನ್ಯವಾಗಿ ಇಳಿಯುವ ಗೀಟಾಗುತ್ತದೆ. ‘ಥೆಓಸ್’, ಅಂದರೆ ದೇವರು, ಒಂಟಿಯಾಗಿದ್ದಾಗ ಒಂದು ಗೀಟು, ವಾಕ್ಯದ ನಡುವೆ ಇನ್ನೊಂದು. ನಮ್ಮ ಸಂಧಿಯ ಹಾಗೆ ಅಂದುಕೊಳ್ಳಿ. ಪಾಠದಲ್ಲಿ ಇದನ್ನು ತಿದ್ದಬೇಡಿ, ಪದಸೂಚಿಯಲ್ಲಿ ಮಾತ್ರ ಒಂಟಿ ರೂಪ ಇಡಿ. ಅಕಾರಾದಿಯನ್ನೂ ಬರೀ ಸಂಖ್ಯೆಯ ಕ್ರಮಕ್ಕೆ ಬಿಡಬೇಡಿ. ಗೀಟಿನ ಆಲ್ಫಾ 940, ಬರಿ ಆಲ್ಫಾ 945, ಉಸಿರಿನ ಗುರುತಿನ ಆಲ್ಫಾ 7936. ಸಂಖ್ಯೆಯ ಪ್ರಕಾರ ಜೋಡಿಸಿದರೆ ಆಲ್ಫಾದ ಪದಗಳು ಪಟ್ಟಿಯ ತಲೆಗೂ ಬಾಲಕ್ಕೂ ಹಂಚಿಹೋಗುತ್ತವೆ. ಎಕ್ಸೆಲ್‌ನಲ್ಲಿ ಪಕ್ಕದ ಕಾಲಂನಲ್ಲಿ ಗೀಟು ತೆಗೆದ ರೂಪ ಇಟ್ಟು, ಅದರ ಮೇಲೆ ಜೋಡಿಸಿ, ಆಮೇಲೆ ಆ ಕಾಲಂ ಅಳಿಸಿ. ಗೀಟು ತೆಗೆಯಿರಿ ಅಂದ ನಿಮ್ಮ ಸ್ನೇಹಿತರ ಸಲಹೆಗೆ ಸರಿಯಾದ ಜಾಗ ಇದೊಂದೇ.

ಪಾಠದ ತಲೆಬರಹಕ್ಕೆ ಎಲ್ಲ ದೊಡ್ಡಕ್ಷರ ಮಾಡುವ ಗುಂಡಿ ಒತ್ತಬೇಡಿ. ಪೂರ್ತಿ ದೊಡ್ಡಕ್ಷರದ ಪದಕ್ಕೆ ಗ್ರೀಕರು ಗೀಟು ಹಾಕುವುದಿಲ್ಲ, ಸಾಫ್ಟ್‌ವೇರ್ ಗೀಟನ್ನು ಹಾಗೇ ಉಳಿಸಿಬಿಡಬಹುದು. ಅವನ್ನು ಕೈಯಲ್ಲೇ ಟೈಪ್ ಮಾಡಿ.

ಕೊನೆಗೆ ಪ್ರೂಫ್. ಮೂರೂ ಕಟ್ಟಿನಿಂದ ಒಂದೊಂದು ಪುಟ ಆರಿಸಿ, ಪಿಡಿಎಫ್ ಮಾಡಿ, ಪುಸ್ತಕದ ಗಾತ್ರದಲ್ಲೇ ಕಾಗದದ ಮೇಲೆ ತೆಗೆಯಿರಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ತೋರಿಸಬೇಡಿ. ಆ ಪುಟ್ಟ ಕಾಮಾ ಎತ್ತ ತಿರುಗಿದೆ ಅಂತ 10 ಪಾಯಿಂಟಿನಲ್ಲಿ ಕಾಣದಿದ್ದರೆ ಗ್ರೀಕನ್ನು ಅರ್ಧವೋ ಒಂದೋ ಪಾಯಿಂಟ್ ಹಿಗ್ಗಿಸಬೇಕು, ಕನ್ನಡದ ಪಕ್ಕದಲ್ಲಿ ಅದು ಹೇಗೂ ಸಣ್ಣದಾಗಿ ಕಾಣುತ್ತದೆ. ಮೇಷ್ಟ್ರು ಭೂತಗನ್ನಡಿ ಹಿಡಿದು ಆ ಮೂರು ಪುಟಕ್ಕೆ ಸಹಿ ಹಾಕಿದ ಮೇಲೆ ಉಳಿದದ್ದಕ್ಕೆ ಕೈಹಾಕಿ.